ಗುಲ್ಮಾರ್ಗಿಗೆ ಹೊರಡುವ ಮೊದಲು ಹಿಮದ ಲೆಕ್ಕ ಓದುವುದು

ಜನವರಿ ಹತ್ತಿರ ಬಂತೆಂದರೆ ನನ್ನ ಫೋನಿಗೆ ಸ್ಕ್ರೀನ್‌ಶಾಟುಗಳು ಬರಲು ಶುರುವಾಗುತ್ತವೆ. ಈ ಸಲ ಮೊದಲು ಕಳಿಸಿದವನು ಅಕ್ಕನ ಮಗ. “ಚಿಕ್ಕಮ್ಮ, ಶನಿವಾರ ಗುಲ್ಮಾರ್ಗಿನಲ್ಲಿ 40 ಸೆಂಟಿಮೀಟರ್ ಸ್ನೋ ತೋರಿಸ್ತಾ ಉಂಟು. ಹೊರಡಬಹುದಲ್ಲ?”

ನಾನು ತಿರುಗಿ ನಾಲ್ಕು ಪ್ರಶ್ನೆ ಕೇಳಿದೆ. ಆ 40 ಯಾವ ಎತ್ತರದಲ್ಲಿ? ಆಗ ಚಳಿ ಎಷ್ಟು? ಮೇಲೆ ಗಾಳಿ ಎಷ್ಟು? ಈಗ ಅಲ್ಲಿ ನೆಲದ ಮೇಲೆ ಬಿದ್ದಿರುವ ಹಿಮ ಎಂಥದ್ದು? ಅವನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಆ್ಯಪಿನ ಮೊದಲ ಪುಟದಲ್ಲಿ ಅವು ಇರುವುದಿಲ್ಲ, ಎರಡು ಮೂರು ಸಲ ಒತ್ತಿ ಒಳಗೆ ಹೋಗಬೇಕು. ಒಳಗೆ ಹೋದರೂ ಓದುವ ಕ್ರಮ ಗೊತ್ತಿರಬೇಕು. ಅವತ್ತು ಅವನಿಗೆ ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಶ್ಮೀರದ ಗುಲ್ಮಾರ್ಗಿಗೆ ಸ್ಕೀ ಕಲಿಯಲು, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರಲು, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನನ್ನ ಜೊತೆ ಪ್ರತಿ ವರ್ಷ ಎಂಟು ಹತ್ತು ಜನ ಬರುತ್ತಾರೆ. ಅಡಿಕೆ ಮಾರಿದ ದುಡ್ಡಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೂರ ಬಂದವರಿಗೆ ಹಿಮ ಸಿಗಬೇಕು, ಎಲ್ಲರೂ ಕ್ಷೇಮವಾಗಿ ಮನೆ ಸೇರಬೇಕು. ಈ ಎರಡು ವಿಷಯದಲ್ಲಿ ನನಗೆ ತುಂಬ ಕಾಳಜಿ.

ನಮ್ಮ ಮನೆ ನೀರ್ಚಾಲಿನ ಹತ್ತಿರ. ಅಪ್ಪ ಅಂಗಳದ ಮೂಲೆಯಲ್ಲಿ ಮಳೆಮಾಪಕ ಇಟ್ಟುಕೊಂಡು, ಬೆಳಿಗ್ಗೆ ಎಂಟೂವರೆಗೆ ಅಳೆದು, ಡೈರಿಯಲ್ಲಿ ಬರೆದಿಡುವವರು. ಅಂಗಳದಲ್ಲಿ ಅಡಿಕೆ ಹರಗಿರುವಾಗ ಡಿಸೆಂಬರಿನಲ್ಲಿ ಒಂದು ಮಳೆ ಬಿದ್ದರೆ ಆ ರಾಶಿಯ ಬಣ್ಣ ಹೋಯಿತು. ಜೂನಿನಲ್ಲಿ ಎರಡು ದಿನ ಹೊಳವು ಸಿಗದಿದ್ದರೆ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವುದು ತಪ್ಪಿತು, ಆಮೇಲೆ ಕೊಳೆ ರೋಗ. ಆದ್ದರಿಂದ ಹವಾಮಾನ ವರದಿಯನ್ನು ಸಂಶಯದಿಂದಲೂ ಗೌರವದಿಂದಲೂ ಓದುವ ಅಭ್ಯಾಸ ನಮಗೆ ಹುಟ್ಟಿನಿಂದ ಇದೆ. ಅದೇ ಅಭ್ಯಾಸ ಹಿಮಕ್ಕೂ ಸಲ್ಲುತ್ತದೆ ಎಂದು ತಿಳಿಯಲು ನನಗೆ ಎರಡು ಚಳಿಗಾಲ ಬೇಕಾಯಿತು.

ಮೊದಲು ಶಬ್ದ ಸರಿಮಾಡಿಕೊಳ್ಳೋಣ. ನಮ್ಮ ಪತ್ರಿಕೆಗಳಲ್ಲಿ ಹಿಮಪಾತ ಎಂದರೆ ಒಂದು ದಿನ ಆಕಾಶದಿಂದ ಹಿಮ ಬೀಳುವುದು, ಮರುದಿನ ಬೆಟ್ಟದಿಂದ ಹಿಮ ಜಾರಿ ಬಂದು ಜನ ಸಾಯುವುದು. ಎರಡಕ್ಕೂ ಒಂದೇ ಶಬ್ದ. ನಾನಿಲ್ಲಿ ಬೀಳುವುದಕ್ಕೆ ಹಿಮಪಾತ ಎಂದೂ ಜಾರುವುದಕ್ಕೆ ಹಿಮಕುಸಿತ ಎಂದೂ ಬರೆಯುತ್ತೇನೆ. ಮಂಜು ಎನ್ನುವ ಮಾತನ್ನು ಬಿಟ್ಟೇಬಿಡುತ್ತೇನೆ. ನಮ್ಮಲ್ಲಿ ಮಂಜು ಎಂದರೆ ಬೆಳಗಿನ ಮಬ್ಬು, ಪಕ್ಕದ ಮನೆಯ ಮಲಯಾಳದಲ್ಲಿ ಅದೇ ಮಾತು ಹಿಮಕ್ಕೂ ಆಗುತ್ತದೆ. ಕಾಶ್ಮೀರಿಯಲ್ಲಿ ಹಿಮಕ್ಕೆ ಶೀನ್ ಎನ್ನುತ್ತಾರೆ.

ಎತ್ತರ

2016ರಲ್ಲಿ ನಾನು ಮೊದಲ ಸಲ ಮನೆಯವರನ್ನು ಕರೆದುಕೊಂಡು ಹೋದೆ. ಟೂರ್ ಏಜೆಂಟರೊಬ್ಬರು ಗುಲ್ಮಾರ್ಗಿನಲ್ಲಿ ರೂಮು ಎಂದು ಹೇಳಿ ಟಂಗ್‌ಮಾರ್ಗಿನಲ್ಲಿ ಕೊಟ್ಟಿದ್ದರು. ಆ್ಯಪಿನಲ್ಲಿ 35 ಸೆಂಟಿಮೀಟರ್ ಎಂದಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಸುರಿದದ್ದು ಮಳೆ. ಅಕ್ಕನ ಮಗನಿಗೆ ಆಗ ಎಂಟು ವರ್ಷ. ಕಿಟಕಿಗೆ ಮೂಗು ಒತ್ತಿ ನಿಂತು, “ಚಿಕ್ಕಮ್ಮ, ಇದು ನಮ್ಮ ಮನೆಯ ಮಳೆಯೇ ಅಲ್ವಾ?” ಎಂದ. ಅಲ್ಲಿಂದ 13 ಕಿಲೋಮೀಟರ್ ರಸ್ತೆ ಹತ್ತಿದರೆ ಗುಲ್ಮಾರ್ಗ್, ಅಲ್ಲಿ ಅದೇ ಹೊತ್ತಿಗೆ ಹಿಮ ಬೀಳುತ್ತಿತ್ತು. ನಾನು ನೋಡಿದ್ದ 35 ಅಂತೂ ಅದಕ್ಕಿಂತಲೂ ಮೇಲೆ, ಅಫರ್ವಟ್ ಬೆಟ್ಟದ ತಲೆಯ ಲೆಕ್ಕ.

ಈ ಎತ್ತರಗಳನ್ನು ಬರೆದಿಟ್ಟುಕೊಳ್ಳಿ. ಶ್ರೀನಗರ ಸುಮಾರು 1,585 ಮೀಟರ್. ಟಂಗ್‌ಮಾರ್ಗ್ ಸುಮಾರು 2,150. ಗುಲ್ಮಾರ್ಗಿನ ಬಯಲು, ಹೊಸಬರು ಕಲಿಯುವ ಇಳಿಜಾರುಗಳಿರುವ ಜಾಗ, ಸುಮಾರು 2,650. ಗೊಂಡೋಲಾದ (ಬೆಟ್ಟ ಹತ್ತಿಸುವ ಕೇಬಲ್ ಕಾರಿನ) ಮೊದಲ ಹಂತ ಮುಗಿಯುವ ಕೊಂಗ್ಡೂರಿ ಸುಮಾರು 3,080. ಎರಡನೇ ಹಂತ ಮುಗಿಯುವ ಅಫರ್ವಟ್ ಸುಮಾರು 3,950. ಮೊದಲ ಹಂತ 1998ರಲ್ಲಿ, ಎರಡನೆಯದು 2005ರಲ್ಲಿ ಶುರುವಾಯಿತು. ಎರಡನೆಯದು ಬಂದ ಮೇಲೆ ಹೊರದೇಶದ ಸ್ಕೀಯರ್‌ಗಳು ಹೆಚ್ಚಾದರು, ಯಾಕೆಂದರೆ ಯಂತ್ರ ಅಷ್ಟು ಮೇಲೆ ಒಯ್ದು ಬಿಡುವ ಜಾಗ ಜಗತ್ತಿನಲ್ಲಿ ತೀರ ಕಡಿಮೆ.

ಗಾಳಿ ಮೇಲೆ ಹೋದಂತೆ ತಣ್ಣಗಾಗುತ್ತದೆ, ಸರಾಸರಿಯಲ್ಲಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ. ಗುಲ್ಮಾರ್ಗಿನಲ್ಲಿ ಸೊನ್ನೆ ಇದ್ದರೆ ಕೊಂಗ್ಡೂರಿಯಲ್ಲಿ ಸುಮಾರು ಮೈನಸ್ 3, ಅಫರ್ವಟ್‌ನಲ್ಲಿ ಮೈನಸ್ 8ರ ಆಚೆ. ಕೆಳಗೆ ಟಂಗ್‌ಮಾರ್ಗಿನಲ್ಲಿ ಪ್ಲಸ್ 3. ಒಂದೇ ಮೋಡ, ಒಂದೇ ಹೊತ್ತು. ಕೆಳಗಿನವನಿಗೆ ಮಳೆ, ನಡುವಿನವನಿಗೆ ಒದ್ದೆ ಹಿಮ, ಮೇಲಿನವನಿಗೆ ಹಿಟ್ಟಿನಂಥ ಹಿಮ.

ಒಳ್ಳೆಯ ಹಿಮದ ವರದಿಗಳಲ್ಲಿ ಬೆಟ್ಟದ ಬುಡ, ನಡು, ತುದಿ ಎಂದು ಮೂರು ಸಾಲು ಇರುತ್ತವೆ. ನೀವು ನಿಲ್ಲುವ ಸಾಲನ್ನು ಒತ್ತಿ. ಮಕ್ಕಳ ಜೊತೆ ಬಯಲಿನಲ್ಲಿ ಕಲಿಯುವವರಿಗೆ ತುದಿಯ ಸಾಲು ಬೇಡ. ಆಮೇಲೆ ‘ಫ್ರೀಜಿಂಗ್ ಲೆವೆಲ್’ ಎಂಬ ಸಾಲು ಹುಡುಕಿ. ಸೊನ್ನೆ ಡಿಗ್ರಿ ಎಷ್ಟು ಮೀಟರಿನಲ್ಲಿದೆ ಎಂದು ಅದು ಹೇಳುತ್ತದೆ. ಬೀಳುವ ಹಿಮ ಸೊನ್ನೆಯ ಗೆರೆ ದಾಟಿದ ಕೂಡಲೇ ಕರಗುವುದಿಲ್ಲ, ಇನ್ನೂ ಇನ್ನೂರು ಮುನ್ನೂರು ಮೀಟರ್ ಕೆಳಗೆ ಇಳಿಯುತ್ತದೆ. ಫ್ರೀಜಿಂಗ್ ಲೆವೆಲ್ 2,400 ಇದ್ದರೆ ಗುಲ್ಮಾರ್ಗಿನಲ್ಲಿ ನೆಮ್ಮದಿಯಾಗಿ ಹಿಮ. 2,850 ಎಂದಿದ್ದರೆ ಯಾವುದೂ ಆಗಬಹುದು. 3,200 ಎಂದಿದ್ದರೆ ಬಯಲಿನಲ್ಲಿ ಮಳೆ, ರೇನ್‌ಕೋಟು ಬೇಕು.

ಶ್ರೀನಗರದ ಹವಾಮಾನ ನೋಡಿ ಗುಲ್ಮಾರ್ಗಿನದನ್ನು ಲೆಕ್ಕ ಹಾಕುವವರಿದ್ದಾರೆ. ಮೋಡ ಕವಿದು ಗಾಳಿ ಬೀಸುವ ದಿನ ಆ ಲೆಕ್ಕ ಹೆಚ್ಚು ಕಡಿಮೆ ಸರಿ ಬರುತ್ತದೆ. ಆಕಾಶ ತಿಳಿಯಾದ ಚಳಿಯ ರಾತ್ರಿ ಸರಿ ಬರುವುದಿಲ್ಲ. ತಣ್ಣನೆಯ ಗಾಳಿ ಭಾರ, ಅದು ಕಣಿವೆಯ ತಳಕ್ಕೆ ಇಳಿದು ನಿಲ್ಲುತ್ತದೆ, ತೋಟದ ತಗ್ಗಿನಲ್ಲಿ ಬೆಳಗಿನ ಮಬ್ಬು ನಿಂತ ಹಾಗೆ.

ಇನ್ನೊಂದು ವಿಷಯ. ಆ್ಯಪುಗಳ ಹಿಂದೆ ಇರುವುದು ಎರಡು ಮೂರು ದೊಡ್ಡ ಗಣಕ ಮಾದರಿಗಳು. ಯುರೋಪಿನ ಇಸಿಎಂಡಬ್ಲ್ಯುಎಫ್ ಭೂಮಿಯನ್ನು ಸುಮಾರು 9 ಕಿಲೋಮೀಟರಿನ ಚೌಕಗಳಾಗಿ ನೋಡುತ್ತದೆ, ಅಮೆರಿಕದ ಜಿಎಫ್‌ಎಸ್ ಸುಮಾರು 13 ಕಿಲೋಮೀಟರಿನ ಚೌಕಗಳಾಗಿ. ಒಂದು ಚೌಕಕ್ಕೆ ಒಂದೇ ಸರಾಸರಿ ಎತ್ತರ. ಟಂಗ್‌ಮಾರ್ಗಿನಿಂದ ಅಫರ್ವಟ್‌ನವರೆಗೆ ಎಲ್ಲವೂ ಒಂದೆರಡು ಚೌಕದಲ್ಲಿ ಮುಗಿದುಹೋಗುತ್ತದೆ. ಕಾಸರಗೋಡಿಗೆ ಮಳೆ ಎಂದರೆ ಕುಂಬಳೆಯ ಕಡಲ ಬದಿಗೋ ರಾಣಿಪುರದ ಬೆಟ್ಟಕ್ಕೋ ಎಂದು ನಾವು ಕೇಳುವುದಿಲ್ಲವೇ, ಅದೇ ಪ್ರಶ್ನೆಯನ್ನು ಅಲ್ಲಿಯೂ ಕೇಳಬೇಕು.

ಮಿಲಿಮೀಟರಿನಿಂದ ಸೆಂಟಿಮೀಟರಿಗೆ

ಇದು ನನಗೆ ಬಹಳ ಪ್ರೀತಿಯ ಭಾಗ. ಒಂದು ವರ್ಷ ಅಪ್ಪನ ಹಳೆಯ ಮಳೆಮಾಪಕವನ್ನೂ ಅಳತೆಯ ಗ್ಲಾಸನ್ನೂ ಬಟ್ಟೆಯಲ್ಲಿ ಸುತ್ತಿ ಗುಲ್ಮಾರ್ಗಿಗೆ ಒಯ್ದೆ. ಹೋಟೆಲಿನ ಹುಡುಗ ಒಂದು ಹಲಗೆ ಕೊಟ್ಟ. ಅದನ್ನು ಮಾಡಿನಿಂದಲೂ ಮರಗಳಿಂದಲೂ ದೂರ, ಗಾಳಿ ಹೆಚ್ಚು ಹೊಡೆಯದ ಸಮತಟ್ಟಿನಲ್ಲಿ ಇಟ್ಟು, ಸಂಜೆ ಒರೆಸಿ ಬಂದೆ. ರಾತ್ರಿಯಿಡೀ ಬಿತ್ತು. ಬೆಳಿಗ್ಗೆ ಶಾಲೆಯ ಅಡಿಕೋಲನ್ನು ನೇರಕ್ಕೆ ಇಳಿಸಿ ನೋಡಿದರೆ 22 ಸೆಂಟಿಮೀಟರ್. ಮಾಪಕದ ಬಾಯಿಯನ್ನು ಕೆಳಗೆ ಮಾಡಿ ಹಲಗೆ ತಾಗುವವರೆಗೆ ಒತ್ತಿದೆ, ಅಡಿಗೆ ತಗಡು ತೂರಿಸಿ ಮಗುಚಿದೆ, ಒಳಗೆ ಬಂದ ಹಿಮವನ್ನು ಬುಖಾರಿಯ (ಕೋಣೆ ಬೆಚ್ಚಗಿಡುವ ಒಲೆಯ) ಪಕ್ಕ ಕರಗಲು ಇಟ್ಟೆ. ಕರಗಿದ ನೀರನ್ನು ಅಪ್ಪನ ಗ್ಲಾಸಿಗೆ ಹೊಯ್ದೆ. 14 ಮಿಲಿಮೀಟರ್.

ಅಪ್ಪನಿಗೆ ಫೋನ್ ಮಾಡಿದೆ. “ಹದಿನಾಲ್ಕಾ? ಅಷ್ಟೇಯಾ?” ಎಂದರು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಕಾಣುವ ಊರಿನವರಿಗೆ 14 ಎಂದರೆ ತುಂತುರು. ಆದರೂ ಡೈರಿಯಲ್ಲಿ ಆ ದಿನದ ಎದುರು ಗುಲ್ಮಾರ್ಗ್ 14 ಎಂದು ಬರೆದಿಟ್ಟಿದ್ದಾರೆ.

ಅದೇ ಕೆಲಸವನ್ನು ಇನ್ನೊಂದು ವರ್ಷ ಮಾರ್ಚಿನಲ್ಲಿ ಮಾಡಿದಾಗ ಬಿದ್ದದ್ದು 9 ಸೆಂಟಿಮೀಟರ್ ಮಾತ್ರ, ಕರಗಿದ ನೀರು 13 ಮಿಲಿಮೀಟರ್. ನೀರು ಹೆಚ್ಚು ಕಡಿಮೆ ಅಷ್ಟೇ, ಹಿಮ ಅರ್ಧಕ್ಕಿಂತ ಕಡಿಮೆ. ಚಳಿ ಜಾಸ್ತಿ ಇದ್ದಾಗ ಹಿಮದ ಹರಳುಗಳು ತಮ್ಮ ಕೈಕಾಲು ಚಾಚಿಕೊಂಡೇ ಬೀಳುತ್ತವೆ, ನಡುವೆ ಗಾಳಿ ತುಂಬಿಕೊಂಡು ರಾಶಿ ಉಬ್ಬುತ್ತದೆ. ಸೊನ್ನೆಯ ಹತ್ತಿರ ಅವು ಒಂದಕ್ಕೊಂದು ಅಂಟಿ, ಒದ್ದೆಯಾಗಿ, ಕುಗ್ಗಿ ಬೀಳುತ್ತವೆ. ಒಂದು ಮಿಲಿಮೀಟರ್ ನೀರಿಗೆ ಒಂದು ಸೆಂಟಿಮೀಟರ್ ಹಿಮ ಎಂಬುದು ಬಾಯಿಲೆಕ್ಕ. ಒದ್ದೆ ಹಿಮಕ್ಕೆ ಅದರ ಅರ್ಧ, ಒಣ ಹಿಮಕ್ಕೆ ಒಂದೂವರೆ ಎರಡು ಪಟ್ಟು.

ಇದರಿಂದ ಏನು ಉಪಯೋಗ? ಆ್ಯಪಿನಲ್ಲಿ ಸೆಂಟಿಮೀಟರ್ ಜೊತೆ ಮಿಲಿಮೀಟರೂ ಇರುತ್ತದೆ. ಎರಡನ್ನೂ ನೋಡಿ. 20 ಸೆಂಟಿಮೀಟರ್ ಹಿಮಕ್ಕೆ 12 ಮಿಲಿಮೀಟರ್ ನೀರು ಎಂದಿದ್ದರೆ ಹಗುರ ಹಿಮ, ಸ್ಕೀ ತೇಲುತ್ತದೆ. ಅದೇ 20ಕ್ಕೆ 30 ಎಂದಿದ್ದರೆ ಭಾರದ ಹಿಮ, ಮೊಣಕಾಲಿಗೆ ಕಷ್ಟ, ಬಟ್ಟೆ ಒದ್ದೆ. ಹೊಸಬರಿಗೆ ಇಂಥ ದಿನ ನಾನು ಬೇಡ ಎನ್ನುತ್ತೇನೆ.

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ನಮಗೆ ಚೆನ್ನಾಗಿ ಗೊತ್ತು, ಕಲೆಕ್ಟರರು ಶಾಲೆಗೆ ರಜೆ ಕೊಡುವುದೇ ಅದನ್ನು ನೋಡಿ. ನಮ್ಮಲ್ಲಿ ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ ಎಂದು ಲೆಕ್ಕ. ಆಟಿಯಲ್ಲಿ ಅಂಥ ದಿನ ಎಷ್ಟೋ ಬರುತ್ತವೆ, ಯಾರೂ ಬೆಚ್ಚುವುದಿಲ್ಲ. ಅಷ್ಟೇ ನೀರು ಹಿಮವಾಗಿ ಬಿದ್ದರೆ ಅರವತ್ತು ಎಪ್ಪತ್ತು ಸೆಂಟಿಮೀಟರ್, ಒಣ ಹಿಮವಾದರೆ ಒಂದು ಮೀಟರ್. ರಸ್ತೆ ಮುಚ್ಚುತ್ತದೆ, ವಿಮಾನ ನಿಲ್ಲುತ್ತದೆ, ಗೊಂಡೋಲಾ ನಿಲ್ಲುತ್ತದೆ. ನಮ್ಮೂರಿನ ಕಣ್ಣಿಗೆ ಚಿಕ್ಕದಾಗಿ ಕಾಣುವ ಸಂಖ್ಯೆ ಅಲ್ಲಿ ದೊಡ್ಡದು.

ಇಲಾಖೆಯ ಶ್ರೀನಗರ ಕೇಂದ್ರದ ಬುಲೆಟಿನಿನಲ್ಲಿ ಬರುವ ಕೆಲವು ಮಾತುಗಳಿಗೆ ಗಟ್ಟಿ ಅರ್ಥವಿದೆ. ‘ಐಸೊಲೇಟೆಡ್’ ಎಂದರೆ ಆ ಪ್ರದೇಶದ ಕಾಲು ಭಾಗಕ್ಕಿಂತ ಕಡಿಮೆ ಜಾಗದಲ್ಲಿ, ‘ಸ್ಕ್ಯಾಟರ್ಡ್’ ಎಂದರೆ ಅರ್ಧದವರೆಗೆ, ‘ಫೇರ್ಲಿ ವೈಡ್‌ಸ್ಪ್ರೆಡ್’ ಎಂದರೆ ಮುಕ್ಕಾಲಿನವರೆಗೆ, ‘ವೈಡ್‌ಸ್ಪ್ರೆಡ್’ ಎಂದರೆ ಅದಕ್ಕೂ ಹೆಚ್ಚು. ನಾನು ಕೊನೆಯ ಎರಡು ಮಾತು ಕಂಡರೆ ಮಾತ್ರ ಚೀಲ ತೆಗೆಯುತ್ತೇನೆ.

ಎಷ್ಟು ದಿನ ಮೊದಲು ಎಷ್ಟು ನಂಬಬೇಕು

ಕಾಶ್ಮೀರಕ್ಕೆ ಚಳಿಗಾಲದ ಹಿಮ ತರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್. ಮೆಡಿಟರೇನಿಯನ್ ಕಡೆ ಹುಟ್ಟಿ, ಎತ್ತರದ ಪಡುವಣ ಗಾಳಿಯ ಮೇಲೆ ಕುಳಿತು, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರುವ ಬಿರುಗಾಳಿ ಮೋಡಗಳು ಅವು. ನಮಗೆ ಮುಂಗಾರು ಕಡಲಿನಿಂದ ಬಂದ ಹಾಗೆ ಅವರಿಗೆ ಇದು. ವ್ಯತ್ಯಾಸ ಏನೆಂದರೆ, ಮುಂಗಾರು ಬಂದರೆ ವಾರಗಟ್ಟಲೆ ಸುರಿಯುತ್ತದೆ, ಇದು ಒಂದೆರಡು ದಿನ ಬಂದು ಹೋಗುತ್ತದೆ. ಒಂದು ಬಲವಾಗಿ ಬರುತ್ತದೆ, ಮುಂದಿನದು ಉತ್ತರಕ್ಕೆ ಸರಿದು ಹೋಗಿಬಿಡುತ್ತದೆ.

ಹತ್ತು ದಿನ ಮೊದಲು ಕಾಣುವ ಸಂಖ್ಯೆಯನ್ನು ನಾನು ಓದುವುದೇ ಇಲ್ಲ. ಪಶ್ಚಿಮದಿಂದ ಏನೋ ಬರುತ್ತಾ ಇದೆ ಎಂದಷ್ಟೇ ತಿಳಿದುಕೊಳ್ಳುತ್ತೇನೆ. ಐದು ದಿನ ಇರುವಾಗ ಯಾವ ದಿನ ಎಂಬುದು ಒಂದು ರೀತಿಯಲ್ಲಿ ಗಟ್ಟಿಯಾಗುತ್ತದೆ. ಮೂರು ದಿನ ಇರುವಾಗ ಎಷ್ಟು ಎಂಬುದನ್ನು ನಂಬಲು ಶುರುಮಾಡುತ್ತೇನೆ. ಹಿಂದಿನ ದಿನ ಗಾಳಿಯನ್ನೂ ಫ್ರೀಜಿಂಗ್ ಲೆವೆಲನ್ನೂ ನೋಡುತ್ತೇನೆ. ಒಂದು ಮಾದರಿ 10 ಎಂದು, ಇನ್ನೊಂದು 50 ಎಂದು ಹೇಳಿದರೆ ನಡುವಿನ 30 ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಬಿರುಗಾಳಿ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂದು ಅದರ ಅರ್ಥ. ಇನ್ನೊಂದು ದಿನ ಕಾದು ನೋಡಿ, ಎರಡೂ ಹತ್ತಿರ ಬಂದವೇ ಎಂದು.

ತೊಂದರೆ ಇರುವುದು ಟಿಕೆಟಿನಲ್ಲಿ. ಕಾಸರಗೋಡಿನಿಂದ ದೆಹಲಿಗೆ ಹೋಗುವ ಮಂಗಳಾ ಎಕ್ಸ್‌ಪ್ರೆಸ್ಸಿಗೆ 60 ದಿನ ಮೊದಲೇ ಕಾಯ್ದಿರಿಸಬೇಕು, ಆಗ ಯಾವ ಹಿಮದ ವರದಿಯೂ ಇರುವುದಿಲ್ಲ. ಹಾಗಾಗಿ ನಾನು ಎರಡು ತೀರ್ಮಾನಗಳನ್ನು ಬೇರೆ ಮಾಡಿದ್ದೇನೆ. ರೈಲಿನ ದಿನಾಂಕವನ್ನು ಕಾಲ ನೋಡಿ ಇಡುತ್ತೇನೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಕಾಶ್ಮೀರದ ಕಡುಚಳಿ. ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಹತ್ತು ದಿನ ಚಿಲ್ಲೈ ಬಚ್ಚಾ. ನಮಗೆ ಮಳೆ ನಕ್ಷತ್ರಗಳಿದ್ದ ಹಾಗೆ ಅವರಿಗೆ ಈ ಲೆಕ್ಕ. ಚಿಲ್ಲೈ ಕಲಾನಿನಲ್ಲಿ ಬಿದ್ದ ಹಿಮ ಚಳಿಗೆ ಉಳಿಯುತ್ತದೆ, ಅದರ ಮೇಲೆ ಮುಂದಿನದು ಕೂರುತ್ತದೆ. ಆದ್ದರಿಂದ ನಾನು ಫೆಬ್ರವರಿ ಮೊದಲ ಎರಡು ವಾರ ಹಿಡಿಯುತ್ತೇನೆ. ಹೋಟೆಲು, ಗೊಂಡೋಲಾ, ಸ್ಕೀ ಬಾಡಿಗೆ ಮಾತ್ರ ವರದಿ ನೋಡಿ, ಕೊನೆಯ ಐದು ದಿನದಲ್ಲಿ. ರದ್ದು ಮಾಡಿದರೆ ದುಡ್ಡು ಮರಳಿಸುವ ಹೋಟೆಲು ಸ್ವಲ್ಪ ದುಬಾರಿಯಾದರೂ ಅದನ್ನೇ ಹಿಡಿಯಿರಿ.

ಕಾಲದ ಲೆಕ್ಕವೂ ಕೈಕೊಡುತ್ತದೆ. 2024ರ ಜನವರಿಯಲ್ಲಿ ಗುಲ್ಮಾರ್ಗಿನ ಬಯಲು ಕಂದು ಹುಲ್ಲಾಗಿ ಬರಿದಾಗಿತ್ತು, ಹಿಮ ಬಂದದ್ದು ತಿಂಗಳು ಮುಗಿಯುವ ಹೊತ್ತಿಗೆ. 2025ರಲ್ಲಿ ಫೆಬ್ರವರಿ 22ರಿಂದ ನಡೆಯಬೇಕಿದ್ದ ಖೇಲೋ ಇಂಡಿಯಾ ವಿಂಟರ್ ಗೇಮ್ಸ್ ಹಿಮ ಸಾಲದೆ ಮುಂದೆ ಹೋಗಿ ಮಾರ್ಚ್ 9ರಿಂದ 12ರವರೆಗೆ ನಡೆಯಿತು. ಇಂಥ ವರ್ಷ ಸಿಕ್ಕರೆ ರೈಲಿನ ಟಿಕೆಟ್ ರದ್ದು ಮಾಡಿ ಎಂದೇ ನನ್ನ ಸಲಹೆ. ಹೋದ ವರ್ಷ ದುಡ್ಡು ಹೋಗುತ್ತದೆಂದು ಹಟ ಹಿಡಿದು ಹೊರಟವರು ಕೆಸರಿನಲ್ಲಿ ಕುದುರೆ ಹತ್ತಿ ಬಂದರು, ನನಗೆ ತುಂಬ ಬೇಸರವಾಯಿತು.

ಗಾಳಿ

ಹಿಮ ನೋಡುವವರು ಗಾಳಿ ನೋಡುವುದಿಲ್ಲ. ಗೊಂಡೋಲಾದ ಎರಡನೇ ಹಂತ ನಿಲ್ಲುವುದು ಬಹಳ ಸಲ ಗಾಳಿಯಿಂದ. ತುದಿಯ ಸಾಲಿನಲ್ಲಿ ಗಾಳಿ ಗಂಟೆಗೆ 40 ಕಿಲೋಮೀಟರ್ ದಾಟಿ ತೋರಿಸಿದರೆ ಆ ದಿನ ಮೇಲೆ ಹೋಗುವ ಆಸೆ ಇಟ್ಟುಕೊಳ್ಳಬೇಡಿ ಎಂದು ನಮ್ಮ ಗುಂಪಿಗೆ ಮೊದಲೇ ಹೇಳುತ್ತೇನೆ. ಚಳಿಯೂ ಬೇರೆಯೇ. ಮೈನಸ್ 10ರಲ್ಲಿ 30 ಕಿಲೋಮೀಟರ್ ಗಾಳಿ ಬೀಸಿದರೆ ಮುಖಕ್ಕೆ ಅದು ಮೈನಸ್ 20. ಮಕ್ಕಳ ಕೆನ್ನೆಯಲ್ಲಿ, ಮೂಗಿನ ತುದಿಯಲ್ಲಿ ಬಿಳಿ ಮಚ್ಚೆ ಕಂಡರೆ ಆ ಕ್ಷಣವೇ ಒಳಗೆ ಕರೆದುಕೊಂಡು ಹೋಗಿ. ಉಜ್ಜಬೇಡಿ, ಬೆಚ್ಚಗಿನ ಅಂಗೈ ಇಡಿ.

ಗಾಳಿ ಹಿಮವನ್ನು ಗೆರಸೆಯಲ್ಲಿ ಕೇರಿದ ಹಾಗೆ ಕೇರುತ್ತದೆ. ಬೀಸಿ ಬರುವ ಮಗ್ಗುಲಿನಿಂದ ಎತ್ತಿ ಮರೆಯ ಮಗ್ಗುಲಿಗೆ ಸುರಿಯುತ್ತದೆ. ವರದಿಯಲ್ಲಿ 20 ಸೆಂಟಿಮೀಟರ್ ಎಂದಿದ್ದರೂ ಏಣಿನ ಈ ಕಡೆ ಬರೀ ಕಲ್ಲು, ಆ ಕಡೆ ಸೊಂಟದವರೆಗೆ ಹಿಮ. ಹೀಗೆ ಸುರಿದ ಹಿಮ ಹಿಟ್ಟಿನ ಹಾಗೆ ಇರುವುದಿಲ್ಲ. ಹರಳುಗಳು ಪುಡಿಯಾಗಿ, ಒತ್ತಾಗಿ ಕೂತು, ಹಲಗೆಯ ಹಾಗೆ ಬಿಗಿಯುತ್ತದೆ. ಸ್ಕೀಯ ಕಡ್ಡಿಯಿಂದ ತಟ್ಟಿದರೆ ಡಬ್ ಎಂದು ಪೊಳ್ಳು ಸದ್ದು. ಆ ಹಲಗೆಯೇ ಹಿಮಕುಸಿತವಾಗಿ ಜಾರುವುದು.

ರೆಸಾರ್ಟಿನವರು ಹೇಳುವುದು

ಬರಲಿರುವ ಹಿಮದ ಮಾತಾಯಿತು, ಈಗ ಬಿದ್ದಿರುವುದರ ಮಾತು. ಪ್ರತಿ ಸ್ಕೀ ಜಾಗದ ವರದಿಯಲ್ಲಿ ಕೆಳಗಿನ ಆಳ, ಮೇಲಿನ ಆಳ, 24 ಗಂಟೆಯ ಹೊಸ ಹಿಮ, 48 ಗಂಟೆಯದು, ಏಳು ದಿನದ್ದು ಎಂದು ಇರುತ್ತದೆ. 48ರದ್ದರೊಳಗೆ 24ರದ್ದು ಸೇರಿದೆ, ಕೂಡಿಸಬೇಡಿ. ಏಳು ದಿನದಲ್ಲಿ 60 ಬಿದ್ದು ಆಳ 30 ಮಾತ್ರ ಏರಿದ್ದರೆ ಹಿಮ ತನ್ನ ಭಾರಕ್ಕೇ ಕುಗ್ಗಿದೆ, ಸುಳ್ಳು ಹೇಳಿದ್ದಾರೆ ಎಂದಲ್ಲ.

ಆದರೆ ಉಬ್ಬಿಸಿ ಹೇಳುವುದೂ ಇದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಅರ್ಥಶಾಸ್ತ್ರಜ್ಞರಾದ ಜೊನಾಥನ್ ಝಿನ್ಮನ್ ಮತ್ತು ಎರಿಕ್ ಝಿಟ್ಜೆವಿಟ್ಸ್ ಅಲ್ಲಿನ ರೆಸಾರ್ಟುಗಳ ವರದಿಗಳನ್ನು ಹೋಲಿಸಿ ನೋಡಿದರು. ಶನಿವಾರ, ಭಾನುವಾರ ಹೊಸ ಹಿಮ ಎದ್ದು ಕಾಣುವಷ್ಟು ಹೆಚ್ಚು ಎಂದು ಬರೆಯಲಾಗುತ್ತಿತ್ತು. ಆಕಾಶಕ್ಕೆ ವಾರ ಗೊತ್ತಿಲ್ಲ, ಗಿರಾಕಿ ಬರುವ ದಿನ ಅಂಗಡಿಯವನಿಗೆ ಗೊತ್ತು. ಸ್ಕೀ ಮಾಡುವವರೇ ಅಲ್ಲಿಂದಲೇ ಫೋನಿನಲ್ಲಿ ಬರೆದು ಹಾಕುವ ಸೌಲಭ್ಯ ಬಂದ ಮೇಲೆ ಈ ಉಬ್ಬು ಥಟ್ಟನೆ ಇಳಿಯಿತು ಎಂಬುದನ್ನೂ ಅವರೇ ಕಂಡುಕೊಂಡರು.

ಆದ್ದರಿಂದ ಅಲ್ಲಿ ನಿಂತಿರುವ ಯಾರಿಗಾದರೂ ಫೋನ್ ಮಾಡಿ. “ಸ್ನೋ ಕೈಸಾ ಹೈ?” ಎಂದು ಕೇಳಿದರೆ “ಬಢಿಯಾ” ಎಂದೇ ಉತ್ತರ ಬರುತ್ತದೆ. ನಾನು ಹಾಗೆ ಕೇಳುವುದಿಲ್ಲ. ನಿನ್ನೆ ಫೇಸ್ 2, ಅಂದರೆ ಗೊಂಡೋಲಾದ ಎರಡನೇ ಹಂತ, ಎಷ್ಟು ಗಂಟೆಗೆ ತೆರೆಯಿತು? ಟಂಗ್‌ಮಾರ್ಗಿನಿಂದ ಗಾಡಿಗಳು ಚಕ್ರಕ್ಕೆ ಚೈನ್ ಕಟ್ಟಿಕೊಂಡು ಬರುತ್ತಿವೆಯಾ? ಬಯಲಿನ ಇಳಿಜಾರಿನಲ್ಲಿ ಹುಲ್ಲು ಕಾಣುತ್ತಾ? ಮಧ್ಯಾಹ್ನ ನಿಮ್ಮ ಬೂಟು ಒದ್ದೆಯಾಗುತ್ತಾ? ಇವಕ್ಕೆ ಬಢಿಯಾ ಎನ್ನಲು ಬರುವುದಿಲ್ಲ. ಸ್ಕೀ ಬಾಡಿಗೆಗೆ ಕೊಡುವ ಒಬ್ಬರಿಗೆ ಈ ಪ್ರಶ್ನೆಗಳು ಈಗ ಬಾಯಿಪಾಠವಾಗಿವೆ, ನಾನು ಹಲೋ ಎನ್ನುವ ಮೊದಲೇ ಚೈನ್ ವಿಷಯ ಹೇಳುತ್ತಾರೆ. ಅಂಥ ಒಬ್ಬರ ನಂಬರ್ ನಿಮ್ಮಲ್ಲಿರುವುದು ಹತ್ತು ಆ್ಯಪಿಗಿಂತ ಮೇಲು.

ಕಾಲಡಿಯ ಹಿಮದ ಬಗೆ

ಪೌಡರ್ ಎಂದರೆ ಹೊಸ ಒಣ ಹಿಮ, ಅಕ್ಕಿಹಿಟ್ಟನ್ನು ಜರಡಿ ಹಿಡಿದ ಹಾಗೆ. ಮುಷ್ಟಿ ಕಟ್ಟಿದರೆ ಉಂಡೆಯಾಗುವುದಿಲ್ಲ. ಯಂತ್ರ ಓಡಿಸಿ ಹದ ಮಾಡಿದ್ದು ಗ್ರೂಮ್ಡ್, ಅದರ ಮೇಲೆ ಸಾಲು ಸಾಲು ಗೆರೆ ಇರುತ್ತದೆ. ಕಲಿಯುವವರಿಗೆ ಇದೇ ಬೇಕು. ಹೊಸಬರು ಪೌಡರ್ ಪೌಡರ್ ಎಂದು ಹಂಬಲಿಸುತ್ತಾರೆ, ಮೊಣಕಾಲಿನವರೆಗಿನ ಪೌಡರಿನಲ್ಲಿ ಬಿದ್ದರೆ ಏಳಲು ಹತ್ತು ನಿಮಿಷ ಬೇಕು.

ನನಗೆ ಅತ್ಯಂತ ಕಷ್ಟ ಕೊಟ್ಟದ್ದು ಕ್ರಸ್ಟ್. ಹಲಸಿನ ಹಪ್ಪಳವನ್ನು ಚಾಪೆಯ ಮೇಲೆ ಒಣಗಲು ಹಾಕಿ ಅರ್ಧ ದಿನ ಆದಾಗ ಮುಟ್ಟಿ ನೋಡಿದ್ದೀರಲ್ಲ? ಮೇಲೆ ತೆಳ್ಳಗೆ ಚರ್ಮ ಕಟ್ಟಿರುತ್ತದೆ, ಒತ್ತಿದರೆ ಒಳಗೆ ಹಸಿ. ಹಗಲು ಬಿಸಿಲಿಗೆ ಕರಗಿ ರಾತ್ರಿ ಹೆಪ್ಪುಗಟ್ಟಿದ ಹಿಮವೂ ಹಾಗೆಯೇ. ಸ್ಕೀ ಅದರ ಮೇಲೆ ನಿಲ್ಲುತ್ತದೆ ಅನ್ನಿಸುವಷ್ಟರಲ್ಲಿ ಒಡೆದು ಒಳಗೆ ಹೋಗುತ್ತದೆ, ತಿರುಗಿಸಲು ಹೋದರೆ ಮೊಣಕಾಲು ತಿರುಗುತ್ತದೆ. ವರದಿಯಲ್ಲಿ ಹಗಲು ಪ್ಲಸ್ 4, ರಾತ್ರಿ ಮೈನಸ್ 6, ಹೊಸ ಹಿಮ ಸೊನ್ನೆ ಎಂದು ಎರಡು ದಿನ ಸತತ ಕಂಡರೆ ಬಿಸಿಲಿಗೆ ಮುಖ ಮಾಡಿದ ಇಳಿಜಾರಿನಲ್ಲಿ ಕ್ರಸ್ಟ್ ಇದೆ ಎಂದೇ ಲೆಕ್ಕ. ಉತ್ತರಕ್ಕೆ ಮುಖ ಮಾಡಿದ ಮರೆಯಲ್ಲಿ ಅದೇ ಹೊತ್ತಿಗೆ ಮೆತ್ತಗಿನ ಹಿಮ ಉಳಿದಿರಬಹುದು.

ಮಾರ್ಚಿನಲ್ಲಿ ಗಂಟೆ ನೋಡಿ ಹೋಗಬೇಕು. ಬೆಳಿಗ್ಗೆ ಗಾಜಿನಂಥ ಗಟ್ಟಿ, ಹತ್ತು ಹನ್ನೊಂದಕ್ಕೆ ಮೇಲಿನ ಒಂದೆರಡು ಇಂಚು ಸಾಬಕ್ಕಿಯ ಕಾಳಿನಂತೆ ಸಡಿಲವಾಗುತ್ತದೆ. ಅದೇ ಕಾರ್ನ್ ಸ್ನೋ, ಬಹಳ ಸುಖ. ಒಂದು ಗಂಟೆ ದಾಟಿದರೆ ನೀರು ಕುಡಿದ ಕಲ್ಲುಪ್ಪಿನ ಹಾಗೆ, ಸ್ಕೀ ಹಿಡಿದುಕೊಳ್ಳುತ್ತದೆ. ಆಗ ಮುಗಿಸಿ ಬನ್ನಿ.

ಹಿಮಕುಸಿತ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. 2023ರ ಫೆಬ್ರವರಿ 1ರಂದು ಅಫರ್ವಟ್ ಇಳಿಜಾರಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು. 2024ರ ಫೆಬ್ರವರಿ 22ರಂದು ಗುಲ್ಮಾರ್ಗಿನ ಮೇಲ್ಭಾಗದಲ್ಲಿ ರಷ್ಯಾದ ಒಬ್ಬರು. ಇವರೆಲ್ಲ ಹಿಮದ ನಾಡಿನಿಂದ ಬಂದವರು.

ಒಂದು ಸಲ ನಮ್ಮ ತರಬೇತುದಾರರು ಕಾಡಿನ ಅಂಚಿನ ಸಮತಟ್ಟಿನಲ್ಲಿ ಹಿಮವನ್ನು ನೆಲದವರೆಗೆ ಅಗೆದು ಗೋಡೆ ಮಾಡಿ ತೋರಿಸಿದರು. ಎದೆಯ ಹತ್ತಿರಕ್ಕೆ ಬರುವಷ್ಟು ಆಳ. ಮೇಲಿನ ಮೊಳದಷ್ಟರಲ್ಲಿ ಮುಷ್ಟಿ ಸಲೀಸಾಗಿ ಒಳಗೆ ಹೋಯಿತು. ಅದರ ಕೆಳಗಿನ ಪದರದಲ್ಲಿ ಒಂದೇ ಬೆರಳು, ಅದೂ ಒತ್ತಿದರೆ ಮಾತ್ರ. ಅದಕ್ಕೂ ಕೆಳಗೆ ಪೆನ್ಸಿಲ್ ಬೇಕಾಯಿತು. ನೆಲಕ್ಕೆ ತಾಗಿದ ಕೊನೆಯ ಗೇಣನ್ನು ಕೈಯಿಂದ ಕೆದಕಿದಾಗ ಅದು ಸಕ್ಕರೆಯ ಹಾಗೆ ಜರ್ರನೆ ಸುರಿಯಿತು. ಅಂಗೈಯಲ್ಲಿ ಹಿಡಿದು ನೋಡಿದೆ. ಮೂಲೆಮೂಲೆಯಾದ ಹರಳುಗಳು, ಎಷ್ಟು ಒತ್ತಿದರೂ ಒಂದಕ್ಕೊಂದು ಅಂಟುವುದಿಲ್ಲ. ಡಿಸೆಂಬರಿನಲ್ಲಿ ತೆಳ್ಳಗೆ ಬಿದ್ದ ಹಿಮದ ಅಡಿಯಲ್ಲಿ ನೆಲ ಸೊನ್ನೆ ಡಿಗ್ರಿ, ಮೇಲೆ ಗಾಳಿ ಮೈನಸ್ ಹತ್ತು ಹನ್ನೆರಡು. ಈ ವ್ಯತ್ಯಾಸಕ್ಕೆ ಹಿಮದೊಳಗಿನ ಆವಿ ಮೇಲೆ ಸರಿದು ಹರಳುಗಳ ರೂಪವೇ ಬದಲಾಗುತ್ತದೆ. ತಿಳಿ ಆಕಾಶದ ಒಣ ಚಳಿ ವಾರಗಟ್ಟಲೆ ಇದ್ದಷ್ಟೂ ಈ ಸಕ್ಕರೆ ಬೆಳೆಯುತ್ತದೆ. ಅದರ ಮೇಲೆ ಒಮ್ಮೆಲೇ ಅರ್ಧ ಮೀಟರ್ ಬಿದ್ದು, ಗಾಳಿ ಅದನ್ನು ಹಲಗೆ ಮಾಡಿದರೆ, ಹಲಗೆಯನ್ನು ಸಕ್ಕರೆಯ ಮೇಲೆ ಓರೆಯಾಗಿ ಇಟ್ಟ ಹಾಗೆ. ಒಬ್ಬ ಮನುಷ್ಯನ ತೂಕ ಸಾಕು.

ಹಾಗಾಗಿ ಬಹಳ ದಿನ ಒಣಗಿ ಆಮೇಲೆ ದೊಡ್ಡ ಹಿಮ ಬಂತೆಂದು ಊರೆಲ್ಲ ಸಂತೋಷ ಪಡುವ ದಿನವೇ ಹೆಚ್ಚು ಎಚ್ಚರ ಬೇಕಾದ ದಿನ. ಚಂಡೀಗಢದಲ್ಲಿರುವ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ ಸೇರಿದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ನೆಚ್ಚರಿಕೆ ಕೊಡುತ್ತದೆ, ಗುಲ್ಮಾರ್ಗ್ ಬಾರಾಮುಲ್ಲಾ ಜಿಲ್ಲೆಯಲ್ಲಿ ಬರುತ್ತದೆ ಎಂದು ನೆನಪಿಟ್ಟು ಹುಡುಕಿ. ಅಪಾಯಕ್ಕೆ ಐದು ಮೆಟ್ಟಿಲು: ಕಡಿಮೆ, ಮಧ್ಯಮ, ಗಣನೀಯ, ಹೆಚ್ಚು, ಅತಿ ಹೆಚ್ಚು. ಮೂರು ಎಂದರೆ ಐದರಲ್ಲಿ ನಡು, ಪರವಾಗಿಲ್ಲ ಎಂದು ಅಂದುಕೊಳ್ಳುವುದು ದೊಡ್ಡ ತಪ್ಪು. ನಾಲ್ಕು ಐದರಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ, ಮೂರರಲ್ಲಿ ಧೈರ್ಯ ಮಾಡುತ್ತಾರೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಓರೆಯಲ್ಲಿ, ಸ್ಕೀ ಮಾಡಲು ಮನಸ್ಸು ಎಳೆಯುವ ಓರೆಯೂ ಅದೇ. ಹೂತುಹೋದವರನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆಯದಿದ್ದರೆ ಬದುಕುವ ಆಸೆ ಬೇಗ ಬೇಗ ಕುಸಿಯುತ್ತದೆ. ಅಂದರೆ ತೆಗೆಯಬೇಕಾದವರು ನಿಮ್ಮ ಜೊತೆಗಿರುವವರೇ. ಬೀಕನ್ (ಹೂತುಹೋದವರ ಜಾಗ ತೋರಿಸುವ ರೇಡಿಯೋ ಯಂತ್ರ), ಸಲಿಕೆ, ಚುಚ್ಚುವ ಉದ್ದ ಕೋಲು ಇಲ್ಲದೆ, ಅವನ್ನು ಬಳಸಲು ಕಲಿಯದೆ, ಗೈಡ್ ಇಲ್ಲದೆ, ಕಾವಲಿನವರು (ಪಟ್ರೋಲ್) ಇಲ್ಲಿಯವರೆಗೆ ಮಾತ್ರ ಎಂದು ಕಟ್ಟಿದ ಹಗ್ಗದ ಗೆರೆ ದಾಟಬೇಡಿ. ನಮ್ಮ ಗುಂಪಿನಲ್ಲಿ ಈವರೆಗೆ ಯಾರನ್ನೂ ದಾಟಲು ಬಿಟ್ಟಿಲ್ಲ. ಕೆಲವರು ಮುನಿಸಿಕೊಂಡಿದ್ದಾರೆ, ಮುನಿಸಿಕೊಳ್ಳಲಿ.

ಅಲ್ಲಿ ತಲುಪಿದ ಮೇಲೆ

ಬೆಳಿಗ್ಗೆ ಏಳಕ್ಕೆ ಮೊದಲ ಕೆಲಸ ಕಿಟಕಿ ತೆರೆದು ಮರ ನೋಡುವುದು. ದೇವದಾರಿನ ಕೊಂಬೆಗಳ ಮೇಲೆ ಹಿಮ ಹಾಗೇ ಕೂತಿದ್ದರೆ ರಾತ್ರಿ ಗಾಳಿ ಇರಲಿಲ್ಲ. ಕೊಂಬೆ ಬರಿದಾಗಿ ಕಾಂಡದ ಒಂದೇ ಮಗ್ಗುಲಿಗೆ ಹಿಮ ಮೆತ್ತಿದ್ದರೆ ಗಾಳಿ ಆ ಮಗ್ಗುಲಿನಿಂದ ಬೀಸಿದೆ, ಅದರ ಎದುರು ಮಗ್ಗುಲಿನ ಇಳಿಜಾರಿನಲ್ಲಿ ಹಲಗೆ ಕಟ್ಟಿದೆ. ಆಮೇಲೆ ಅಫರ್ವಟ್ ತಲೆ ನೋಡಿ. ಏಣಿನಿಂದ ಬಿಳಿ ಹೊಗೆಯ ಹಾಗೆ ಎದ್ದು ಹಾರುತ್ತಿದ್ದರೆ ಮೇಲೆ ಗಾಳಿ ಇನ್ನೂ ಇದೆ. ಬೆಟ್ಟ ಕಾಣದೆ ಎಲ್ಲವೂ ಹಾಲಿನ ಹಾಗೆ ಬೆಳ್ಳಗಿದ್ದರೆ ಕಾಡಿನ ನಡುವೆಯೇ ಇರಿ. ಬಯಲಲ್ಲಿ ತಗ್ಗು ಉಬ್ಬು ತಿಳಿಯುವುದಿಲ್ಲ, ಮರಗಳಿದ್ದರೆ ಕಣ್ಣಿಗೆ ಆಸರೆ ಇರುತ್ತದೆ.

ಫೋನಿನ ವಿಷಯ: ನಾವು ಊರಿನಿಂದ ಒಯ್ದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲಿಲ್ಲ, ಪೋಸ್ಟ್‌ಪೇಯ್ಡ್ ನಡೆಯಿತು. ಗುಂಪಿನಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇರಲಿ, ಸಂಜೆ ವೈಫೈ ಇರುವಾಗಲೇ ಮರುದಿನದ ವರದಿಯ ಚಿತ್ರ ತೆಗೆದಿಟ್ಟುಕೊಳ್ಳಿ.

ಅಕ್ಕನ ಮಗನ 40 ಸೆಂಟಿಮೀಟರ್ ಕೊನೆಗೆ ಹೀಗೆ ಬಿಡಿಸಿಕೊಂಡಿತು. 40 ಇದ್ದದ್ದು ತುದಿಯ ಸಾಲಿನಲ್ಲಿ, ಬಯಲಿನ ಸಾಲಿನಲ್ಲಿ 18. ಫ್ರೀಜಿಂಗ್ ಲೆವೆಲ್ 2,300, ಹಾಗಾಗಿ ಬಯಲಿನಲ್ಲೂ ಹಿಮವೇ. ಶನಿವಾರ ತುದಿಯಲ್ಲಿ ಗಾಳಿ 50. ಭಾನುವಾರ ಬೆಳಿಗ್ಗೆ ಮೋಡ ಸರಿದು, ಗಾಳಿ 15. ಅದಕ್ಕೂ ಮೊದಲು ಮೂರು ವಾರ ಒಣ ಚಳಿ. ಅವನಿಗೆ ಹೇಳಿದೆ: “ಹೊರಡು ಮಾರಾಯ. ಶನಿವಾರ ಬಯಲಿನಲ್ಲೇ ಇರು. ಭಾನುವಾರ ಗೊಂಡೋಲಾದ ಮೊದಲ ಹಂತ, ಅಷ್ಟೇ. ಫೇಸ್ 2 ತೆರೆದರೂ ಪಟ್ರೋಲಿನವರು ಎಲ್ಲಿಯವರೆಗೆ ಹಗ್ಗ ಕಟ್ಟಿದ್ದಾರೆ ಎಂದು ಕೇಳದೆ ಮೇಲೆ ಹೋಗಬೇಡ. ಕೈಗವಸು ಎರಡು ಜೊತೆ ಇಟ್ಟುಕೋ, ಒಂದು ಒದ್ದೆಯಾದರೆ ಆ ದಿನ ಒಣಗುವುದಿಲ್ಲ. ಅಜ್ಜ ಅಳತೆಯ ಗ್ಲಾಸು ಕೊಡ್ತಾರೆ, ಒಡೆಯದ ಹಾಗೆ ಬಟ್ಟೆಯಲ್ಲಿ ಸುತ್ತಿ ಒಯ್ಯಿ. ಬೆಳಿಗ್ಗೆ ಎಂಟೂವರೆಗೆ ಅವರಿಗೆ ಫೋನ್ ಮಾಡು.”